ದಾವಣಗೆರೆಯಿಂದ ಅರಿವಳಿಕೆ

ಜಗಳೂರಿನ ಆ ಖಾಸಗಿ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು ಇರಲಿಲ್ಲ. ದಾವಣಗೆರೆಯಲ್ಲಿ ಕೂತ ಡಾ. ಸುದೀಪ್ ವಿಡಿಯೋದಲ್ಲಿ ನೋಡಿ ಹೇಳುತ್ತಿದ್ದರು, ನರ್ಸ್ ಮಮತಾ ಮಾಡುತ್ತಿದ್ದಳು.

ಆ ಬೆಳಿಗ್ಗೆ ಗಂಗೋತ್ರಿಗೆ ಸಿಸೇರಿಯನ್ ಇತ್ತು. ಚೊಚ್ಚಲ ಹೆರಿಗೆ. ಸರ್ಜನ್ ರಂಗನಾಥ್ ಬೆನ್ನಿಗೆ ಅರಿವಳಿಕೆ ಇಂಜೆಕ್ಷನ್ ಕೊಟ್ಟು, ಹೊಟ್ಟೆ ಕೊಯ್ಯಲು ಶುರುಮಾಡಿದರು. ಗಂಗೋತ್ರಿ ತನ್ನ ತಲೆಯ ಬಳಿ ನಿಂತಿದ್ದ ಮಮತಾಳಿಗಷ್ಟೇ ಕೇಳುವ ದನಿಯಲ್ಲಿ, "ಅಕ್ಕಾ, ಉಸಿರು ಎಳ್ಕಳಾಕೆ ಆಗ್ತಿಲ್ಲ" ಎಂದಳು.

ಮಮತಾ ತನ್ನ ಕೈ ಕೊಟ್ಟು ಅದುಮಲು ಹೇಳಿದಳು. ಗಂಗೋತ್ರಿಯ ಬೆರಳು ಅಲುಗಲಿಲ್ಲ. ಬೆನ್ನಿಗೆ ಕೊಟ್ಟ ಮದ್ದು ಎದೆ ದಾಟಿ ಏರಿ ಉಸಿರಾಟವನ್ನೂ ಮರಗಟ್ಟಿಸುತ್ತಿದೆ ಎಂದು ಮಮತಾಳಿಗೆ ಗೊತ್ತಾಯಿತು. ವಿಡಿಯೋ ಪರದೆಯತ್ತ ತಿರುಗಿ ಅದನ್ನೇ ಹೇಳಿದಳು. ಸುದೀಪ್ ಅದೇ ಹೊತ್ತಿಗೆ ಹೊನ್ನಾಳಿಯ ಇನ್ನೊಂದು ಆಪರೇಷನ್ ನೋಡುತ್ತಿದ್ದರು. ಇತ್ತ ಕಣ್ಣು ಹಾಯಿಸದೆಯೇ, ಭಯಕ್ಕೆ ಹಾಗಾಗುತ್ತದೆ, ನಿದ್ದೆಯ ಇಂಜೆಕ್ಷನ್ ಕೊಡಿ ಎಂದರು. ಅವಳು ಮತ್ತೊಮ್ಮೆ ಹೇಳಿದಳು. ಡಾಕ್ಟರು ನೀವೋ ನಾನೋ ಎಂದು ಸುದೀಪ್ ಕೇಳಿದರು. ರಂಗನಾಥ್ ತಲೆ ಎತ್ತದೆ, ಹೇಳಿದಷ್ಟು ಮಾಡು ಎಂದರು.

ಮಮತಾ ಕೊಟ್ಟಳು. ಅವಳ ಮುಖವನ್ನೇ ನೋಡುತ್ತಿದ್ದ ಗಂಗೋತ್ರಿಯ ಕಣ್ಣುಗಳು ಮುಚ್ಚಿದವು. ಉಸಿರು ನಿಂತಿತು. ಗಂಟಲಿಗೆ ಕೊಳವೆ ಇಳಿಸುವುದನ್ನು ಮಮತಾ ಬೊಂಬೆಯ ಮೇಲಷ್ಟೇ ಕಲಿತಿದ್ದಳು. ಮೂರು ಸಲವೂ ದಾರಿ ತಪ್ಪಿತು. ಅಷ್ಟರಲ್ಲಿ ಹೆಣ್ಣುಮಗು ಹುಟ್ಟಿ ಅತ್ತಿತು. ತಾಯಿ ಉಳಿಯಲಿಲ್ಲ.

ಹೃದಯ ತಡೆಯಲಿಲ್ಲವೆಂದು ರಂಗನಾಥ್ ಹೊರಗೆ ಬಂದು ತಿಳಿಸಿದರು. ಗಂಗೋತ್ರಿಯ ಗಂಡ ಕೆಂಚೇಶ್ ಬಾಗಿಲು ತಳ್ಳಿಕೊಂಡು ಒಳಗೆ ಹೋದ. ಮಮತಾಳಿಗೆ ಸುಮ್ಮನಿರಲಾಗಲಿಲ್ಲ. ಗಂಗೋತ್ರಿಯ ತಾಯಿ ಭೀಮಕ್ಕನ ಎದುರು ಕೂತು ನಡೆದದ್ದನ್ನೆಲ್ಲ ಹೇಳಿದಳು.

ಭೀಮಕ್ಕ ಕೊನೆಯವರೆಗೂ ಕೇಳಿದಳು.

"ಉಸಿರು ಕಟ್ಟೈತೆ ಅಂತ ನನ್ ಮಗಳು ನಿನಗೆ ಹೇಳಿದ್ಲಾ?"

"ಹೇಳಿದ್ರು."

"ಆಮೇಲೆ ಸೂಜಿ ಹಾಕಿದ ಕೈ ಯಾರ್ದು?"

"ನಂದೇ, ಅಮ್ಮ."

ಹಿಂದೆ ನಿಂತಿದ್ದ ರಂಗನಾಥ್ ಮೆಲ್ಲಗೆ, "ನೋಡ್ರಿ, ಅವರೇ ಒಪ್ಕೊಂಡ್ರು" ಎಂದರು.

ಭೀಮಕ್ಕ ಮಮತಾಳ ಕೂದಲು ಹಿಡಿದು ನೆಲಕ್ಕೆ ಕೆಡವಿದಳು. ಬಿಡಿಸಲು ಯಾರೂ ಬರಲಿಲ್ಲ.

ಪೊಲೀಸ್ ದೂರಿನಲ್ಲಿ ಮಮತಾಳ ಹೆಸರೊಂದೇ ಇತ್ತು. ನೆಟ್‌ವರ್ಕ್ ಹೋಗಿತ್ತು, ಆ ಇಂಜೆಕ್ಷನ್ ಕೊಡಲು ತಾನು ಹೇಳಲೇ ಇಲ್ಲ ಎಂದು ಸುದೀಪ್ ಬರೆದುಕೊಟ್ಟರು. ರಂಗನಾಥ್ ಹೌದೆಂದರು. ಕೆಲಸ ಹೋದ ಮಮತಾ ನ್ಯಾಮತಿಯ ಅಕ್ಕನ ಮನೆ ಸೇರಿದಳು.

ಮೊಮ್ಮಗಳನ್ನಾದರೂ ಉಳಿಸಿಕೊಟ್ಟ ಪುಣ್ಯಾತ್ಮರೆಂದು ಭೀಮಕ್ಕ ನಾಮಕರಣಕ್ಕೆ ರಂಗನಾಥರನ್ನು ಕರೆದಳು. ಅವರು ಹೋಗಿ, ಮಗುವನ್ನು ಎತ್ತಿಕೊಂಡು ಫೋಟೋ ತೆಗೆಸಿ, ಉಂಡು ಬಂದರು.