ಹಣೆಯ ಬಳಿಯ ಎಳೆ

ಕಂಪ್ಯೂಟರಿನಲ್ಲಿ ಸ್ಕ್ಯಾನ್ ಮಾಡಿದ ಅನಿಮೆ ಕಾರ್ಟೂನ್ ಹುಡುಗಿಯ ಪೆನ್ಸಿಲ್ ಚಿತ್ರದ ಮೇಲೆ ಗೆರೆ ಎಳೆಯುತ್ತ, ಕೂದಲಿನ ಒಂದು ಎಳೆಗೇ ನಾನು ಗೆರೆ ಬಾಗಿಸುವ ಚುಕ್ಕಿ, ಅಂದರೆ ಪಾಯಿಂಟ್, ಎಪ್ಪತ್ತು ಹಾಕಿದ್ದೆ. ಬೈಂದೂರಿನ ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸ ಕಲಿಯಲು ಸೇರಿ ನಾಲ್ಕೇ ದಿನವಾಗಿತ್ತು.

"ಎಂತಕ್ಕೆ ಮೋಕ್ಷಿತಾ ಇಷ್ಟ್ ಗಂಟ್? ಬಲೆ ನೇಯ್ತಿದ್ಯಾ?" ಅಂದರು ಕಲಿಸುವ ಸುಜಿತಣ್ಣ.

ಸಿಟ್ಟು ಬಂತು. ಆದರೆ ನಿಜವೇ. ಬಲೆ ನೇಯುವ ಉಪ್ಪುಂದದ ನಮ್ಮ ಮನೆಯಲ್ಲಿ, ಗಂಟು ದೂರವಾದರೆ ಮೀನು ತಪ್ಪಿಸಿಕೊಳ್ಳುತ್ತದೆ ಎಂದೇ ಕಲಿಸಿದ್ದು. ಇಲ್ಲಿ ಗಂಟು ಕಡಿಮೆಯಾದಷ್ಟೂ ಗೆರೆ ನುಣುಪಂತೆ.

ಆ ಪೆನ್ಸಿಲ್ ಚಿತ್ರ ನನ್ನ ನವ್ಯಕ್ಕನದು. ಬಸ್ಸಿಗೆ ಕಾಯುವಾಗ ಹಾಳೆಯನ್ನು ನನ್ನ ಬೆನ್ನಿಗೆ ಒತ್ತಿಟ್ಟು ಬಿಡಿಸಿದ್ದಳು. ಇಷ್ಟಪಟ್ಟವನ ಜೊತೆ ಮುಂಬೈಗೆ ಹೋದ ಮೇಲೆ ಮನೆಯಲ್ಲಿ ಅವಳ ಹೆಸರೆತ್ತುವಂತಿಲ್ಲ. ನನ್ನ ಹತ್ತಿರ ಅವಳ ನಂಬರೂ ಇಲ್ಲ.

ಪಾಯಿಂಟುಗಳನ್ನು ಅಳಿಸುತ್ತ ಒಂದೊಂದೇ ಗೆರೆ ನುಣುಪು ಮಾಡಿದೆ. ಹಣೆಯ ಬಳಿ ಒಂದು ಎಳೆ ಮಾತ್ರ ಅಂಕುಡೊಂಕಾಗಿ ಜಿಗಿದಿತ್ತು.

"ಅದೊಂದ್ ತಪ್ಪಾಯ್ತ್. ಸರಿ ಮಾಡ್," ಅಂದರು ಸುಜಿತಣ್ಣ.

"ಅದ್ ತಪ್ಪಲ್ಲ," ಅಂದೆ. "ಬೆನ್ನಿಗೆ ಕಚಗುಳಿಯಾಯ್ತ್. ನಾನ್ ನೆಗಾಡ್ದೆ."

ಆ ಎಳೆಗೆ ಮಾತ್ರ ಬಲೆಯ ಹಾಗೆ ಹತ್ತಿರ ಹತ್ತಿರ ಗಂಟು ಹಾಕಿದೆ.