ಹಿಂದಿನ ಸಾಲಿನ ಮೈಕು

ಹಾಲು ಉಕ್ಕಿ ಹೋಗುತ್ತಿದೆ, ಒಲೆ ಆರಿಸಿ ಎಂದು ಯಾರೋ ರಾಗವಾಗಿ ಹಾಡುತ್ತಿದ್ದರು. ಸೊಸೆ ಹೆಡ್‌ಫೋನು ತೆಗೆದು, ಅದನ್ನು ಬಟ್ಟೆಯಿಂದ ಒರೆಸಿ, ಮತ್ತೆ ಕಿವಿಗೆ ಹಾಕಿಕೊಂಡಳು. ಒರೆಸಿದರೆ ಮಾತು ಬದಲಾಗುವುದಿಲ್ಲವೆಂದು ಅವಳಿಗೂ ಗೊತ್ತು. ಆದರೂ ಕೈ ಸುಮ್ಮನಿರಬೇಕಲ್ಲ. ಎರಡನೇ ಸಲವೂ ಅದೇ ಹಾಲು, ಅದೇ ಒಲೆ. ಶ್ರುತಿ ಕೂದಲೆಳೆಯಷ್ಟೂ ಆಚೀಚೆ ಇಲ್ಲ. ತಾಳಕ್ಕೆ ಸರಿಯಾಗಿ ಹಾಲು ಉಕ್ಕುತ್ತಿತ್ತು. ದನಿ ಅವಳ ಅತ್ತೆಯದು.

ಊರಿನ ಪುಟ್ಟ ರೇಡಿಯೋ ಕೇಂದ್ರದಲ್ಲಿ ದನಿಗಳನ್ನು ಕತ್ತರಿಸಿ ಜೋಡಿಸುವುದು ಅವಳ ಕೆಲಸ. ಪ್ರಾರ್ಥನಾ ಮಂದಿರದ ಹಾಡುಗಾರರ ಗುಂಪು ಮೊತ್ತಮೊದಲ ಬಾರಿಗೆ ಅಂದು ಸಂಜೆ ಆರಕ್ಕೆ ರೇಡಿಯೋದಲ್ಲಿ ಬರುವುದಿತ್ತು. ಬೀದಿಗೆ ಬೀದಿಯೇ ತುದಿಗಾಲ ಮೇಲೆ ನಿಂತಿತ್ತು. ಎದುರು ಮನೆಯ ಟೈಲರಮ್ಮ ಮಧ್ಯಾಹ್ನವೇ ಅಂಗಡಿ ಮುಚ್ಚಿದ್ದಳು. ಅತ್ತೆಯಂತೂ ಹಾಲಿನವನಿಗೆ, ಅಂಚೆಯವನಿಗೆ, ವಿಳಾಸ ಕೇಳಲು ಬಂದ ಯಾರೋ ದಾರಿಹೋಕನಿಗೂ ಆರು ಗಂಟೆ ಮರೆಯಬೇಡಿ ಎಂದು ಹೇಳಿ ಕಳಿಸಿದ್ದರು. ಮಂದಿರದಲ್ಲಿ ಜೀವಮಾನವಿಡೀ ಹಿಂದಿನ ಸಾಲಿನಲ್ಲಿ ನಿಂತು, ಪಕ್ಕದವರಿಗೂ ಕೇಳಿಸದಷ್ಟು ಮೆಲ್ಲಗೆ ಹಾಡಿದ ಹೆಂಗಸು. ದನಿ ಸಣ್ಣದೆಂದೇ ಈ ಸಲ ಅವರಿಗೆ ಪ್ರತ್ಯೇಕ ಮೈಕು ಕೊಟ್ಟಿದ್ದರು.

ಹಾಡಿನ ಮೇಷ್ಟ್ರು ಸೊಸೆಗೆ ಹೇಳಿದ್ದು ಒಂದೇ ಮಾತು: ದೇವರ ಮುಂದೆ ಯಾರೂ ಉದ್ದವಲ್ಲ, ಯಾರೂ ಗಿಡ್ಡವಲ್ಲ, ಎಲ್ಲ ದನಿಯೂ ಒಂದೇ ಎತ್ತರಕ್ಕೆ ಬರಬೇಕು. ಅವಳು ಹಾಗೇ ಮಾಡಿದ್ದಳು. ದೊಡ್ಡ ದನಿಗಳು ಒಂದಿಷ್ಟು ತಗ್ಗಿದವು, ಸಣ್ಣವು ಎದ್ದವು. ಸಣ್ಣ ದನಿಯನ್ನು ಎತ್ತಿದಾಗ ಅದರ ಸೆರಗು ಹಿಡಿದು ಉಸಿರು, ಕೆಮ್ಮು, ಕುರ್ಚಿಯ ಕಿರಕಿರ ಎಲ್ಲವೂ ಮೇಲೆ ಬರುತ್ತವೆ. ಈ ಸಲ ಅಡುಗೆಮನೆಯೂ ಬಂದಿತ್ತು.

ಈ ಕೆಲಸಕ್ಕೆ ನಾರ್ಮಲೈಜ್ ಮಾಡುವುದು ಎನ್ನುತ್ತಾರೆ. ಹೋದ ವಾರ ಊಟಕ್ಕೆ ಕೂತಾಗ ಅವಳು ಆ ಮಾತು ಆಡಿದ್ದೇ ತಡ, ಅವಳ ಗಂಡ ತುತ್ತು ತಟ್ಟೆಯಲ್ಲೇ ಬಿಟ್ಟು ಜಗಳಕ್ಕೆ ನಿಂತಿದ್ದ. ಅವನು ಉಕ್ಕು ಬಡಿಯುವ ಕಾರ್ಖಾನೆಯಲ್ಲಿ ಕುಲುಮೆಯ ಮೇಸ್ತ್ರಿ. ಆ ಮಾತು ತಮ್ಮ ಕಸುಬಿನದೆಂದು ಅವನ ವಾದ. ಸುತ್ತಿಗೆ ತಿಂದ ಉಕ್ಕಿನೊಳಗೆ ಏಟುಗಳೆಲ್ಲ ಬಿಗಿದುಕೊಂಡು ಕೂತಿರುತ್ತವಂತೆ. ಅದನ್ನು ಮತ್ತೆ ಕೆಂಪಗೆ ಕಾಯಿಸಿ, ನೀರಿಗೆ ಅದ್ದದೆ, ಫ್ಯಾನು ಹಾಕದೆ, ಅಲುಗದ ಗಾಳಿಯಲ್ಲಿ ಅದರ ಪಾಡಿಗೆ ಬಿಡಬೇಕಂತೆ. ನಾರ್ಮಲೈಸಿಂಗ್ ಎಂದರೆ ಅದು, ನಿನ್ನ ಹಾಗೆ ಗುಂಡಿ ಒತ್ತುವುದಲ್ಲ ಎಂದು ಹಂಗಿಸಿದ್ದ. ಅತ್ತೆ ಇಬ್ಬರ ಮುಖವನ್ನೂ ನೋಡಿ ತೀರ್ಪು ಕೊಟ್ಟಿದ್ದರು. "ಇವಳು ಎಲ್ಲರನ್ನೂ ಒಂದೇ ಸಮ ಮಾಡ್ತಾಳೆ, ನೀನು ಅವರವರ ಪಾಡಿಗೆ ಬಿಡ್ತೀಯ. ಎರಡಕ್ಕೂ ಒಂದೇ ಹೆಸರಂತೆ. ಹೆಸರಿಗೇನು ಬರಗಾಲವಾ? ಊಟ ಮಾಡಿ."

ಮೇಷ್ಟ್ರು ಬಂದರು. ಅವರದು ನಿಂತಲ್ಲಿ ನಿಲ್ಲುವ ಕಾಲಲ್ಲ, ಅಂದಂತೂ ಹೊಸಿಲು ದಾಟುವಾಗಲೇ ಗುನುಗುತ್ತಿದ್ದರು. ಸೊಸೆ ಹೆಡ್‌ಫೋನನ್ನು ಅವರ ಕಿವಿಗೆ ಕೊಟ್ಟಳು. ಗುನುಗು ನಿಂತಿತು. ಬಹಳ ಹೊತ್ತು ಕೇಳಿ, ಕೊನೆಗೆ ತಗ್ಗಿದ ದನಿಯಲ್ಲಿ, "ಅಮ್ಮನವರ ಮೇಲೆ ನನಗೆ ಗೌರವ ಇದೆ. ಆದರೂ ಇವತ್ತೊಂದು ದಿನ ತೆಗೆದುಬಿಡೋಣ, ತಂಗಿ. ದೇವರ ಹಾಡಲ್ಲವಾ?" ಎಂದರು.

ಅವಳು ಹಿಂದಿನ ಸಾಲಿನ ಮೈಕನ್ನು ಮುಚ್ಚಿ, ಹಾಡನ್ನು ಮೊದಲಿಂದ ಬಿಟ್ಟಳು. ಮೊದಲ ಸಾಲು ಹೇಗೋ ನಡೆಯಿತು. ಎರಡನೆಯದರಲ್ಲಿ ಗೂಟ ಕಿತ್ತ ಡೇರೆಯ ಹಾಗೆ ಹಾಡು ಒಂದು ಕಡೆಗೆ ವಾಲಿತು. ಯಾರ ತಪ್ಪೂ ಇಲ್ಲ, ಎಲ್ಲರೂ ಸರಿಯಾಗಿಯೇ ಹಾಡುತ್ತಿದ್ದಾರೆ, ಆದರೆ ನಡುವೆ ಏನೋ ಟೊಳ್ಳು. ಇಷ್ಟು ವರ್ಷ ಕೇಳಿಯೂ ಕೇಳಿಸದ ಆ ಸಣ್ಣ ದನಿಗೆ ಉಳಿದವರೆಲ್ಲ ಆತುಕೊಂಡು ಹಾಡುತ್ತಿದ್ದರೆಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತರು.

ಸೊಸೆಯ ತಲೆಯೊಳಗೆ ಬೇರೇನೋ ಓಡುತ್ತಿತ್ತು. ಸಕ್ಕರೆ ಡಬ್ಬಿಯಲ್ಲಿ ಸಿಕ್ಕ ಬೀಗದ ಕೈ. ಕುಡಿಯುವ ನೀರಿಗೆ ಬಿದ್ದ ಉಪ್ಪು. ಸ್ವಂತ ಬೀದಿಯಲ್ಲೇ ಎತ್ತ ತಿರುಗಬೇಕೆಂದು ತಿಳಿಯದೆ ಅತ್ತೆ ನಿಂತುಬಿಟ್ಟ ಸಂಜೆ. ಒಂದೊಂದಕ್ಕೂ ಗಂಡ, "ವಯಸ್ಸಾಯ್ತಲ್ಲ, ಅದೆಲ್ಲ ನಾರ್ಮಲ್ ಕಣೇ" ಎಂದು ನಕ್ಕಿದ್ದ, ಅವಳೂ ನಕ್ಕಿದ್ದಳು. ಹಾಗೆ ನಕ್ಕು ನಕ್ಕು ಎಲ್ಲವನ್ನೂ ಮನೆಯ ಮಾಮೂಲು ಮಾಡಿಕೊಂಡಿದ್ದರು.

ಹೊತ್ತು ಓಡುತ್ತಿತ್ತು. ಮನೆ ಇದ್ದದ್ದು ಕೇಂದ್ರದ ಹಿಂದಿನ ಬೀದಿಯಲ್ಲೇ. ಅತ್ತೆಯನ್ನು ಕೇಳದೆ ತೆಗೆಯುವುದೂ ತಪ್ಪು, ಕೇಳದೆ ಬಿಡುವುದೂ ತಪ್ಪು ಎಂದುಕೊಂಡು ಅವಳು ಚಪ್ಪಲಿಯನ್ನು ಅರ್ಧ ಮೆಟ್ಟಿಯೇ ಓಡಿದಳು. ಅತ್ತೆ ಹೊಸ ಬಟ್ಟೆ ಉಟ್ಟು, ತಲೆ ಬಾಚಿ, ಕಿಟಕಿಯ ಹತ್ತಿರ ಮದುವಣಗಿತ್ತಿಯ ಹಾಗೆ ಕೂತಿದ್ದರು. ಹಾಡಿನ ಮಾತು ಮರೆತುಹೋಗಿದೆಯಾ ಎಂದು ಸೊಸೆ ಏದುಸಿರಲ್ಲೇ ಕೇಳಿದಳು.

"ಒಂದೊಂದಾಗಿ ಎದ್ದು ಹೋದವು. ರಾಗ ಮಾತ್ರ ಕೂತಿದೆ," ಎಂದರು ಅತ್ತೆ, ಊರಿಗೆ ಹೋದ ನೆಂಟರ ಸುದ್ದಿ ಹೇಳುವಂತೆ. "ಖಾಲಿ ಬಾಯಲ್ಲಿ ನಿಲ್ಲೋಕೆ ನಾಚಿಕೆ ಆಗುತ್ತೆ. ತೋಚಿದ್ದು ಹಾಕ್ಕೊಳ್ತೀನಿ."

"ನಮಗೆ ಹೇಳಬಾರದಿತ್ತಾ ಅತ್ತೆ?"

"ಹೇಳಿದ್ದೆ. ಇಬ್ಬರೂ ನಕ್ಕಿರಿ."

ಅತ್ತೆ ಸೊಸೆಯ ಮುಖವನ್ನೇ ನೋಡುತ್ತ, "ನನ್ನ ತೆಗೆದುಬಿಡ್ತಾರಾ?" ಎಂದು ಕೇಳಿದರು. ದೇವರ ಹಾಡಿಗೆ ಹೊಂದುವುದಿಲ್ಲವೆಂದು ಮೇಷ್ಟ್ರು ಅಂದಿದ್ದನ್ನು ಅವಳು ಮುಚ್ಚಿಡಲಿಲ್ಲ.

"ದೇವರನ್ನ ಹೊಗಳೋದು ಊರೆಲ್ಲ ಮಾಡುತ್ತೆ. ಒಲೆ ಮೇಲೆ ಹಾಲಿದೆ ಅಂತ ಅವನಿಗೆ ಯಾರು ಹೇಳ್ತಾರೆ?" ಎಂದು ಅತ್ತೆ ನಕ್ಕರು. ಆಮೇಲೆ ಉಟ್ಟ ಬಟ್ಟೆಯ ನೆರಿಗೆಯನ್ನು ಬೆರಳಲ್ಲಿ ತೀಡುತ್ತ, "ಬೀದಿಯೋರು ಆಡಿಕೊಳ್ಳೋ ಹಾಗಿದ್ರೆ ತೆಗೆದುಬಿಡು. ಕೇಳಿರೋಳು ನೀನು. ನೀನೇ ಹೇಳು," ಎಂದರು.

ವಾಪಸು ಓಡುವಾಗ ಅವಳಿಗೆ ಅಳು ಬರಬೇಕಿತ್ತು. ಬಂದದ್ದು ಒಂದು ಬಗೆಯ ಹುಮ್ಮಸ್ಸು, ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಅತ್ತೆಯ ಮೈಕು ತೆರೆದಳು. ಎಲ್ಲರ ಎತ್ತರಕ್ಕೆ ಏರಿಸಿದ್ದನ್ನು ರದ್ದು ಮಾಡಿ, ಮಂದಿರದಲ್ಲಿ ಹೇಗಿತ್ತೋ ಹಾಗೆ, ಅವರವರ ದನಿಯನ್ನು ಅವರವರಷ್ಟಕ್ಕೆ ಬಿಟ್ಟಳು. ಡೇರೆ ನೆಟ್ಟಗೆ ನಿಂತಿತು. ಅತ್ತೆಯ ಮಾತುಗಳು ಗುಂಪಿನೊಳಗೆ ಮುಳುಗಿದವು. ಒಂದು ಕಡೆ ಮಾತ್ರ ಮುಳುಗಲಿಲ್ಲ: ಕೊನೆಯ ಚರಣಕ್ಕೆ ಮೊದಲು ಎಲ್ಲರೂ ಉಸಿರು ತೆಗೆದುಕೊಳ್ಳುವಲ್ಲಿ, ನಿಲ್ಲುವುದನ್ನು ಮರೆತು, ಅತ್ತೆ ಒಬ್ಬರೇ ಮುಂದೆ ಹೋಗಿದ್ದರು. ಅಷ್ಟನ್ನಾದರೂ ಕತ್ತರಿಸಬೇಕಲ್ಲ ಎಂದರು ಮೇಷ್ಟ್ರು. ಅವಳ ಬೆರಳು ಗುಂಡಿಯ ಮೇಲೇ ಇತ್ತು. "ಇದು ಇರಲಿ ಮೇಷ್ಟ್ರೇ. ಬೈಗುಳ ಬಂದರೆ ನನಗೆ ಬರಲಿ," ಎಂದು ಕೈ ತೆಗೆದಳು. ಮೇಷ್ಟ್ರು ಗಡಿಯಾರ ನೋಡಿದರು, ಅವಳನ್ನು ನೋಡಿದರು, ಮತ್ತೆ ಮೆಲ್ಲಗೆ ಗುನುಗತೊಡಗಿದರು.

ಅವಳು ಮನೆಗೆ ಬರುವಷ್ಟರಲ್ಲಿ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಂಡ ಪಾಳಿ ಮುಗಿಸಿ ನೇರ ಬಂದಿದ್ದ, ತೋಳಿಗೆ ಮಸಿ ಹಾಗೇ ಇತ್ತು. ಅವನಿಗೆ ಏನೂ ತಿಳಿಸಲು ಅವಳಿಗೆ ಸಮಯವಾಗಲಿಲ್ಲ. ರೇಡಿಯೋ ಗರ್ ಎಂದಿತು, ಮಂದಿರದ ಹೆಸರು ಬಂತು, ಅತ್ತೆ ಮಗನ ಮೊಣಕೈ ಹಿಡಿದುಕೊಂಡರು. ಹಾಡು ಎದ್ದಿತು. ಟೈಲರಮ್ಮ ಕಣ್ಣು ಮುಚ್ಚಿ ತಲೆದೂಗಿದಳು. ಯಾರೋ ಇನ್ನೂ ಜೋರು ಮಾಡಿ ಎಂದರು, ಮಾಡಿದರು. ಆ ಜಾಗ ಬರುತ್ತಿದ್ದ ಹಾಗೆ ಸೊಸೆ ಬಾಗಿಲ ಚೌಕಟ್ಟು ಹಿಡಿದು ನಿಂತಳು.

ಎಲ್ಲ ದನಿಗಳೂ ನಿಂತವು. ಒಂದೇ ದನಿ, ನೂಲಿನಷ್ಟು ಸಣ್ಣದು, ಒಂಚೂರೂ ನಡುಗದೆ ಹಾಡಿತು: ಮಗ ಬರೋ ಹೊತ್ತಾಯ್ತು, ಬಿಸಿನೀರು ಇಡಬೇಕು.

ಕೋಣೆಯಲ್ಲಿ ಯಾರೂ ನಗಲಿಲ್ಲ. ಟೈಲರಮ್ಮ ಕಣ್ಣು ಬಿಟ್ಟಳು. ಮಗ ತಿರುಗಿ ತಾಯಿಯ ಮುಖ ನೋಡಿದ. ಎಂದಿನ ಮಾತು ಅವನ ಬಾಯಿಗೆ ಬರಲಿಲ್ಲ. "ಅದು ನಾನೇ ಕಣೋ," ಎಂದು ಅತ್ತೆ ಅವನ ತೋಳು ಅಲುಗಿಸಿದರು.

ಕೊನೆಯ ಚರಣ ಮುಗಿಯಿತು. ರೇಡಿಯೋ ನಾಳೆಯ ಹವಾಮಾನಕ್ಕೆ ಹೋಯಿತು. ಜನ ಎದ್ದು ಚಪ್ಪಲಿ ಹುಡುಕತೊಡಗಿದರು. ಅತ್ತೆಯ ಹಾಡು ಮಾತ್ರ ನಿಂತಿರಲಿಲ್ಲ. ಅದೇ ರಾಗದಲ್ಲಿ, ಯಾರೂ ಬರೆಯದ ಇನ್ನೊಂದು ಚರಣ ಹಿಡಿದಿದ್ದರು. ಮಗ ಮೆಲ್ಲಗೆ ಕೈ ಚಾಚಿ ರೇಡಿಯೋ ಆರಿಸಿದ. ಹೊಸಿಲಲ್ಲಿದ್ದ ಟೈಲರಮ್ಮ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡವಳು, ಹಾಗೇ ಗೋಡೆಗೆ ಒರಗಿ, ನಿಧಾನಕ್ಕೆ ಕೆಳಗೆ ಕೂತಳು.