ಚೀಸಿಗೆ ಇಪ್ಪತ್ತೊಂದು

ಬಾಗಿಲು ತೆಗೆದು ಇನ್ನೂ ಹೆಚ್ಚು ಹೊತ್ತಾಗಿರಲಿಲ್ಲ, ಸೂಪರ್ ಮಾರ್ಕೆಟ್ಟಿನ ಚೀಸ್ ಕಪಾಟು ಗುಡಿಸಿಟ್ಟ ಹಾಗೆ ಖಾಲಿಯಾಗಿತ್ತು. ಯಜಮಾನರಿಗೆ ಹಿಗ್ಗೋ ಹಿಗ್ಗು. ಅವರ ಅಕ್ಕನ ಮಗಳು ಮಾತ್ರ ಕಂಗಾಲಾಗಿದ್ದಳು.

ಅಂಗಡಿಯವರೆಲ್ಲ ಅವಳನ್ನು ಪಿಸುಮಾತು ಎಂದೇ ಕರೆಯುತ್ತಿದ್ದರು. ಪದವಿ ಮುಗಿಸಿ ಮಾವನ ಅಂಗಡಿಗೆ ಬಂದಿದ್ದ ಈ ಹುಡುಗಿ, ಗಿರಾಕಿ ಏನಾದರೂ ಕೇಳಿದರೆ ಬೆರಳು ತೋರಿಸಿ ತಪ್ಪಿಸಿಕೊಳ್ಳುವವಳು. ಆದರೆ ಮನಸ್ಸಿನಲ್ಲಿ ಒಂದು ಹಟವಿತ್ತು: ಪ್ರತಿಯೊಂದು ಆಹಾರವೂ ಹೊಲದಿಂದ ಕಪಾಟಿಗೆ ಬರುವಷ್ಟರಲ್ಲಿ ಗಾಳಿಗೆ ಎಷ್ಟು ಇಂಗಾಲ ಸೇರಿಸುತ್ತದೆ ಎಂಬುದು ಬೆಲೆಯ ಪಕ್ಕದಲ್ಲೇ ಕಾಣಬೇಕು. ತಿಂಗಳುಗಟ್ಟಲೆ ವರದಿಗಳಲ್ಲಿ ತಲೆ ಹುದುಗಿಸಿ ಅಂಕಿ ಹೆಕ್ಕಿದ್ದಳು. "ಒಂದು ದಿನ ಚೀಟಿ ಅಂಟಿಸಿ ನೋಡು. ವ್ಯಾಪಾರ ಬಿತ್ತೋ, ಎಲ್ಲಾ ಕಸದ ಬುಟ್ಟಿಗೆ," ಎಂದಿದ್ದರು ಮಾವ.

ಅಂಟಿಸುವಾಗಲೇ ಎಡವಟ್ಟಾಗಿತ್ತು. ಅಂಗಡಿಯಲ್ಲಿ ಇದ್ದದ್ದು ಗುಂಡನೆಯ ಹಸಿರು ಸ್ಟಿಕ್ಕರ್ ರೋಲು ಒಂದೇ. ಸದಸ್ಯರ ಕಾರ್ಡಿಗೆ ಪಾಯಿಂಟ್ ಕೊಡುವ ಸಾಮಾನಿನ ಮೇಲೆ ವರ್ಷಗಳಿಂದ ಅಂಟಿಸುತ್ತಿದ್ದದ್ದೂ ಅದನ್ನೇ. ಅಂಕಿಯ ಕೆಳಗೆ ಅವಳು ಸಣ್ಣಕ್ಷರದಲ್ಲಿ ಬರೆದಿದ್ದ ವಿವರಣೆಯನ್ನು ಯಾರು ಓದಬೇಕು?

"ನೋಡ್ರೀ, ಚೀಸಿಗೆ ಇಪ್ಪತ್ತೊಂದು ಪಾಯಿಂಟಂತೆ!" ದರ್ಜಿ ಅಂಗಡಿಯ ಹೆಂಗಸು ಗಾಡಿಗೆ ಡಬ್ಬಿ ಮೇಲೆ ಡಬ್ಬಿ ಪೇರಿಸುತ್ತಿದ್ದಳು. "ಈ ಸಲದ ಬಹುಮಾನದ ಕುಕ್ಕರು ನಮ್ಮನೆಗೇ. ನಿಮ್ಮ ಆಲೂಗಡ್ಡೆಗೆ ಎಷ್ಟ್ರೀ?"

"ಅರ್ಧ," ಎಂದರು ಪಕ್ಕದಲ್ಲಿದ್ದ ಟೀಚರು, ಮುಖ ಸಣ್ಣದು ಮಾಡಿಕೊಂಡು.

"ಅಯ್ಯೋ ಪಾಪ! ವಾಪಸ್ ಇಟ್ಟು ಮಾಂಸದ ಕಡೆ ನಡೀರಿ."

ಪಿಸುಮಾತು ಮಾವನ ಬಳಿಗೆ ಓಡಿದಳು. "ಮಾವ, ಜನ ಉಲ್ಟಾ ತಿಳ್ಕೊಂಡಿದಾರೆ. ಹೆಚ್ಚು ಹೊಗೆ ಇರೋದನ್ನೇ ಹುಡುಕಿ ಹುಡುಕಿ ತಗೋತಿದಾರೆ."

"ಶ್! ಬಾಯಿ ಮುಚ್ಕೊಂಡಿರು. ಅದಂತೂ ನಿಂಗೆ ಚೆನ್ನಾಗಿ ಬರುತ್ತೆ," ಮಾವ ನಕ್ಕರು. "ನಿನ್ನ ಚೀಟಿ ಗೆದ್ದಿದೆ ಕಣೇ, ವರ್ಷಪೂರ್ತಿ ಇರಲಿ. ನಿಜ ಹೇಳ್ತೀಯಾ, ಚೀಸೆಲ್ಲ ವಾಪಸ್ ಬರುತ್ತೆ, ಚೀಟಿ ಬುಟ್ಟಿಗೆ ಹೋಗುತ್ತೆ. ಯಾವುದು ಬೇಕು, ನೀನೇ ನೋಡ್ಕೋ."

ಸುಮ್ಮನಿದ್ದರೆ ಚೀಟಿ ಉಳಿಯುತ್ತದೆ. ಆದರೆ ಉಳಿದು ಮಾಡುವುದೇನು? ಅವಳ ಕಾಲು ತಾನೇ ಬಿಲ್ ಕೌಂಟರಿನ ಕಡೆ ನಡೆಯಿತು.

"ಅಕ್ಕ, ಮೈಕ್ ಕೊಡಿ."

"ಯಾರಿಗೇ? ನಿಂಗಾ?" ಕ್ಯಾಷಿಯರ್ ಬಿಟ್ಟ ಕಣ್ಣು ಬಿಟ್ಟಂತೆಯೇ ಮೈಕು ಚಾಚಿದಳು.

ಮೈಕು ಕಿರ್ರೆಂದಿತು. ಇಡೀ ಅಂಗಡಿ ತಿರುಗಿ ನೋಡಿತು. ಪಿಸುಮಾತು ಮೈಕನ್ನು ಬಾಯಿಗೆ ಹತ್ತಿರ ಹಿಡಿದಳು.

"ಎಲ್ರೂ ಸ್ವಲ್ಪ ಕೇಳಿ. ಇವತ್ತು ಬೆಲೆ ಪಕ್ಕ ಇರೋದು ಪಾಯಿಂಟ್ ಅಲ್ಲ, ಹೊಗೆ. ಒಂದು ಕಿಲೋ ಚೀಸ್ ನಿಮ್ಮ ಕೈ ಸೇರೋಷ್ಟರಲ್ಲಿ ಭೂಮೀನ ಬಿಸಿ ಮಾಡೋ ಗಾಳಿ ಇಪ್ಪತ್ತೊಂದು ಕಿಲೋ ಆಕಾಶ ಸೇರಿರುತ್ತೆ. ಆಲೂಗಡ್ಡೆಯಿಂದ ಅರ್ಧ ಕಿಲೋ. ಅಂಕಿ ಕಮ್ಮಿ ಇದ್ದಷ್ಟೂ ಒಳ್ಳೇದು. ಚೀಟಿ ಒಂದೇ ಥರ ಮಾಡಿದ್ದು ನನ್ನ ತಪ್ಪು."

ಮಾವ ತಲೆಯ ಮೇಲೆ ಕೈ ಹೊತ್ತು ನಿಂತರು.

"ಹಾಗಾದ್ರೆ ನಾನು ಒಂದು ಕಾರ್ಖಾನೇನೇ ತಳ್ಕೊಂಡು ಹೊರಟಿದ್ನಾ?" ದರ್ಜಿ ಹೆಂಗಸು ತನ್ನ ಗಾಡಿಯನ್ನೇ ದಿಟ್ಟಿಸಿದಳು.

ಟೀಚರು ಆಲೂಗಡ್ಡೆಯ ಚೀಲವನ್ನು ತಲೆಗಿಂತ ಮೇಲೆ ಎತ್ತಿ ಹಿಡಿದರು. "ಈಗ ಹೇಳ್ರಿ! ಯಾರಿಗ್ರೀ ಅಯ್ಯೋ ಪಾಪ?"

ನಗು ಭುಗಿಲೆದ್ದಿತು. ದರ್ಜಿ ಹೆಂಗಸು ಸೋಲುವ ಪೈಕಿಯಲ್ಲ. ಒಂದು ಡಬ್ಬಿ ಚೀಸ್ ಇಟ್ಟುಕೊಂಡು ಉಳಿದದ್ದನ್ನೆಲ್ಲ ಕಪಾಟಿಗೆ ತುಂಬಿ, "ನಿಮಗಿಂತ ಕಮ್ಮಿ ಮಾಡಿ ತೋರಿಸ್ತೀನಿ, ಬನ್ನಿ!" ಎಂದು ಬಟಾಣಿಯ ಕಡೆ ನುಗ್ಗಿದಳು. ಅವಳ ಹಿಂದೆ ಎಲ್ಲರೂ. ಗಾಡಿಗೆ ಗಾಡಿ ತಾಗಿಸಿ, ಒಬ್ಬರ ಸಾಮಾನು ಇನ್ನೊಬ್ಬರು ಇಣುಕಿ, ಕೂಡಿ ಕಳೆದು ಜಗಳವಾಡಿದರು. ಬೇಳೆ ಮುಗಿಯಿತು, ಕ್ಯಾರೆಟ್ ಮುಗಿಯಿತು, ಸುಮ್ಮನೆ ನೋಡಲು ಬಂದವರೂ ಚೀಲ ತುಂಬಿಕೊಂಡರು. ಬಿಲ್ಲಿನ ಯಂತ್ರಕ್ಕೆ ಉಸಿರಾಡಲು ಪುರುಸೊತ್ತಿರಲಿಲ್ಲ.

ಮಾವ ಹೆಗಲ ಮೇಲೆ ಬೇಳೆಮೂಟೆ ಹೊತ್ತು ಗೋದಾಮಿನಿಂದ ಏದುಸಿರು ಬಿಡುತ್ತಾ ಬಂದರು. "ಎಣ್ಣೆಗೆ ಯಾಕಿಲ್ಲ, ಬಿಸ್ಕತ್ತಿಗೆ ಯಾಕಿಲ್ಲ ಅಂತ ಪ್ರಾಣ ತಿಂತಿದಾರೆ ಕಣೇ! ಎಲ್ಲದಕ್ಕೂ ಚೀಟಿ ಹಾಕು!"

"ಹಾಕ್ತೀನಿ ಮಾವ. ಆದ್ರೆ ಚೌಕದ ರೋಲು ತರಿಸಿ. ಇವತ್ತೇ."

ಮೈಕು ಇನ್ನೂ ಅವಳ ಕೈಯಲ್ಲೇ ಇತ್ತು. ಮಾತು ಅಂಗಡಿಯ ಮೂಲೆಮೂಲೆಗೂ ಕೇಳಿಸಿತು.

"ಇವತ್ತೇ ತರಿಸ್ತೀನಿ ತಾಯೀ," ಎಂದರು ಮಾವ, ಮೂಟೆ ಇಳಿಸುತ್ತಾ. ಎಲ್ಲೋ ಬಟಾಣಿಯ ಕಡೆಯಿಂದ ಚಪ್ಪಾಳೆ ಶುರುವಾಯಿತು.